ಶಾಲೆ ಬಿಟ್ಟ ಮೇಲೆ ನೀರಿನ ಪಾಠ

ಮುಂಗಾರು ಹಿಡಿಯಿತೆಂದರೆ ಹೊಸಪೇಟೆಯಲ್ಲಿ ಬೆಳಗಿನ ಮೊದಲ ಮಾತು ತುಂಗಭದ್ರಾ ಡ್ಯಾಮಿನದೇ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ನೀರಿನ ಮಟ್ಟ 1,633 ಅಡಿ ಮುಟ್ಟಲು ಇನ್ನೆಷ್ಟು ಬಾಕಿ, ಈಗ ಎಷ್ಟು ಟಿಎಂಸಿ ನಿಂತಿದೆ: ಚಹಾದಂಗಡಿಯಿಂದ ಸಂತೆಯವರೆಗೆ ಇದೇ ಸುದ್ದಿ. ಪತ್ರಿಕೆಯಲ್ಲೂ ಬಾನುಲಿಯಲ್ಲೂ ಈ ಅಂಕಿಗಳು ದಿನವೂ ಬರುತ್ತವೆ. ಆರನೆಯ ತರಗತಿಯ ಹುಡುಗಿಯ ಕಿವಿಗೂ ಟಿಎಂಸಿ ಎಂಬ ಮಾತು ಬಿದ್ದಿರುತ್ತದೆ. ಆದರೆ ಒಂದು ಟಿಎಂಸಿ ಎಂದರೆ ಎಷ್ಟು ನೀರು, ಅದು ಎಷ್ಟು ಮನೆಗಳಿಗೆ ಸಾಕು ಎಂದು ಕೇಳಿದರೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಸುಮ್ಮನಾಗುತ್ತಾರೆ.

ಲೆಕ್ಕವೇನೂ ಕಷ್ಟದ್ದಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಯಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. ಹಾಗಾಗಿ ಒಂದು ಟಿಎಂಸಿಗೆ ಸುಮಾರು 2,830 ಕೋಟಿ ಲೀಟರ್. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಳಕ್ಕೇ ಬರಬೇಕು ಎಂಬುದು ಜಲಜೀವನ ಮಿಷನ್ನಿನ ಅಳತೆ. ವರ್ಷಕ್ಕೆ ಅದು 20,075 ಲೀಟರ್ ಆಗುತ್ತದೆ. ಭಾಗಿಸಿ ನೋಡಿದರೆ ಒಂದೇ ಒಂದು ಟಿಎಂಸಿ ನೀರು 14 ಲಕ್ಷ ಜನರ ಒಂದು ವರ್ಷದ ಮನೆಬಳಕೆಗೆ ಸಾಕು. ತುಂಗಭದ್ರಾ ಜಲಾಶಯ 1953ರಲ್ಲಿ ತುಂಬತೊಡಗಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಇಂದು ಹಿಡಿಯುವುದು 105.79 ಟಿಎಂಸಿ. ನಡುವಿನ 27 ಟಿಎಂಸಿ ಜಾಗವನ್ನು ಹೂಳು ತುಂಬಿಕೊಂಡಿದೆ. ಅದೇ ಲೆಕ್ಕವನ್ನು ಮುಂದುವರಿಸಿದರೆ 3 ಕೋಟಿ 80 ಲಕ್ಷ ಜನರ ಒಂದು ವರ್ಷದ ನೀರು ನಿಲ್ಲಬೇಕಾದ ಜಾಗವದು. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿದ್ದವರು 6 ಕೋಟಿ 11 ಲಕ್ಷ ಜನ.

ಏಳನೆಯ ತರಗತಿಯ ಗಣಿತ ಬಲ್ಲ ಮಗು ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ತಾನೇ ಮಾಡಬಲ್ಲದು. ಮಾಡಿದ ಮೇಲೆ ಹೂಳು ಎಂಬ ಮಾತು ಆ ಮಗುವಿಗೆ ಮೊದಲಿನಂತೆ ಕೇಳಿಸುವುದಿಲ್ಲ.

ನೀರುಳಿತಾಯದ ಪಾಠವೆಂದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ಮಾರ್ಚ್ 22ರ ವಿಶ್ವ ಜಲದಿನ ಬಂದಾಗ ಚಿತ್ರಸ್ಪರ್ಧೆ, ಘೋಷವಾಕ್ಯ, ಜಾಥಾ. ಗೋಡೆಯ ಮೇಲೆ ಹನಿ ನೀರಿನ ಚಿತ್ರ. ಇವು ಬೇಡವೆಂದಲ್ಲ, ಮಕ್ಕಳಿಗೆ ಇವುಗಳಿಂದ ಉತ್ಸಾಹ ಬರುತ್ತದೆ. ಆದರೆ ಚಿತ್ರ ಬರೆದ ಮಗುವಿಗೆ ತನ್ನ ಮನೆಗೆ ನೀರು ಎಲ್ಲಿಂದ ಬರುತ್ತದೆ, ತನ್ನೂರಿನಲ್ಲಿ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ, ಊರ ಕೆರೆಯ ತೂಬು ಎಲ್ಲಿದೆ ಎಂಬುದು ಗೊತ್ತಿರದಿದ್ದರೆ ಆ ಪಾಠ ಅರ್ಧಕ್ಕೇ ನಿಂತಂತೆ. ಅಳತೆ ಮಾಡಿ ತಿಳಿದ ನೀರನ್ನು ಮಗು ಮರೆಯುವುದಿಲ್ಲ. ಅಳೆಯಲು ಬೇಕಾದದ್ದೆಲ್ಲ ಶಾಲೆಯ ಕೋಣೆಯ ಹೊರಗಿದೆ: ಕಾಲುವೆ, ಕೆರೆ, ಗದ್ದೆ, ಓವರ್‌ಹೆಡ್ ಟ್ಯಾಂಕು, ಬೀದಿಯ ನಳ. ಆದುದರಿಂದ ಈ ಪಾಠಕ್ಕೆ ಸರಿಯಾದ ಹೊತ್ತು ಶಾಲೆ ಬಿಟ್ಟ ಮೇಲಿನದು.

ಆ ಹೊತ್ತಿಗೆ ಜಾಗವೂ ಇದೆ. 2020ರ ನವೆಂಬರಿನಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆ ಗ್ರಂಥಾಲಯಗಳನ್ನೇ ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಸಂಜೆಯಾದರೆ ಮಕ್ಕಳು ಬಂದು ಕೂರುವ, ಓದುವ, ಕೇರಂ ಆಡುವ ಜಾಗಗಳಿವು. ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿವೆ. ಹಾಸ್ಟೆಲ್‌ಗಳಲ್ಲಿ ಸಂಜೆಯ ಹೊತ್ತು ಮಕ್ಕಳು ಒಟ್ಟಿಗೇ ಸಿಗುತ್ತಾರೆ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಂಡ ಕಟ್ಟಿಕೊಂಡು ತಮ್ಮೂರಿನದೇ ಒಂದು ಸಮಸ್ಯೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆದುಬಂದಿದೆ. ಹೊಸದಾಗಿ ಕಟ್ಟಡ ಕಟ್ಟುವ ಅಗತ್ಯ ಎಲ್ಲಿಯೂ ಇಲ್ಲ.

ಕಟ್ಟಿ ಬಿಟ್ಟರೆ ಸಾಲದು ಎಂಬುದಕ್ಕೆ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಸುವರ್ಣ ಕರ್ನಾಟಕದ ಹೊತ್ತಿನಲ್ಲಿ, 2006ರ ಸುಮಾರಿಗೆ, ‘ಸುವರ್ಣ ಜಲ’ ಯೋಜನೆಯಡಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಮಳೆನೀರು ಕೊಯ್ಲಿನ ವ್ಯವಸ್ಥೆ ಒದಗಿಸಲು ಸರ್ಕಾರ ಮುಂದಾಯಿತು. ಚಾವಣಿಯ ನೀರು ಪೈಪಿನಲ್ಲಿ ಇಳಿದು ಸೋಸುಗುಂಡಿ ದಾಟಿ ತೊಟ್ಟಿ ಸೇರಬೇಕು. ಯೋಚನೆ ಒಳ್ಳೆಯದು. ಆದರೆ ಮುಂದೆ ಹೋಗಿ ನೋಡಿದವರಿಗೆ ಬಹಳಷ್ಟು ಶಾಲೆಗಳಲ್ಲಿ ಪೈಪು ಕಳಚಿದ್ದು, ಸೋಸುಗುಂಡಿ ತುಂಬಿದ್ದು, ತೊಟ್ಟಿ ಖಾಲಿ ಇದ್ದದ್ದು ಕಂಡಿತು. ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವವರು ಯಾರು, ವರ್ಷಕ್ಕೊಮ್ಮೆ ಜಲ್ಲಿ ತೊಳೆಯುವವರು ಯಾರು ಎಂಬುದು ನಿಗದಿಯಾಗಿರಲಿಲ್ಲ. ತಲೆಯ ಮೇಲಿನ ಪೈಪು ಏಕಿದೆಯೆಂದು ಆ ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಚಾವಣಿಯಿಂದ ಪಾಠ ಶುರುಮಾಡಬಹುದು. ಮಕ್ಕಳು ಟೇಪು ಹಿಡಿದು ಕೋಣೆಯೊಂದರ ಚಾವಣಿಯನ್ನು ನೆಲದ ಮೇಲಿನಿಂದಲೇ ಅಳೆಯುತ್ತಾರೆ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಒಟ್ಟು 60 ಚದರ ಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಹಾಗಾದರೆ ಒಂದು ಮಿಲಿಮೀಟರ್ ಮಳೆಗೆ ಆ ಚಾವಣಿಯಿಂದ 60 ಲೀಟರ್, ಅಂದರೆ ಹದಿನೈದು ಲೀಟರಿನ ನಾಲ್ಕು ಕೊಡ. ವರ್ಷದ ಮಳೆ 600 ಮಿಲಿಮೀಟರ್ ಎಂದು ಹಿಡಿದರೆ 36,000 ಲೀಟರ್. ಐದರಲ್ಲೊಂದು ಪಾಲು ಸೋರಿ, ಆವಿಯಾಗಿ ಹೋಯಿತೆಂದರೂ 28,800 ಲೀಟರ್ ಉಳಿಯುತ್ತದೆ. ನೂರು ಮಕ್ಕಳಿರುವ ಶಾಲೆಯಲ್ಲಿ ದಿನಕ್ಕೊಂದು ಲೀಟರ್ ಕುಡಿದರೆ 288 ದಿನ. ಶಾಲೆ ನಡೆಯುವುದೇ ಅದಕ್ಕಿಂತ ಕಡಿಮೆ ದಿನ. ಒಂದು ಕೋಣೆಯ ಚಾವಣಿ ಇಡೀ ಶಾಲೆಯ ಬಾಯಾರಿಕೆ ನೀಗಿಸಬಲ್ಲದು ಎಂದು ತನ್ನ ಕೈಯಾರೆ ಲೆಕ್ಕ ಮಾಡಿದ ಮಗು ಕಳಚಿದ ಪೈಪನ್ನು ನೋಡಿ ಸುಮ್ಮನೆ ಹೋಗಲಾರದು.

ಮಳೆ ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಬೇಕು. ತಳದ ಉಬ್ಬುತಗ್ಗಿಗೆ ಬೆಣಚುಕಲ್ಲು ಹಾಕಿ, ನೀರು ಹೊಯ್ದು, ನೀರು ನಿಂತ ಮಟ್ಟಕ್ಕೆ ಸೊನ್ನೆ ಗುರುತು ಹಾಕಬೇಕು. ಪಕ್ಕದಲ್ಲೊಂದು ಸ್ಕೇಲು ಅಂಟಿಸಿದರೆ ಮಳೆಮಾಪಕ ಸಿದ್ಧ. ಹವಾಮಾನ ಇಲಾಖೆ ಮಳೆ ಓದುವ ಹೊತ್ತು ಬೆಳಗಿನ ಎಂಟೂವರೆ. ಮಕ್ಕಳೂ ಶಾಲೆಗೆ ಹೊರಡುವ ಮುನ್ನ ಅದೇ ಹೊತ್ತಿಗೆ ಓದಿ ಬರೆದಿಡಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಓದಿ ಕಳಿಸುವ ಮಳೆಮಾಪಕಗಳನ್ನು ಅಳವಡಿಸಿದೆ. ಮಕ್ಕಳ ಬಾಟಲಿಯ ಲೆಕ್ಕಕ್ಕೂ ಕೇಂದ್ರದ ಲೆಕ್ಕಕ್ಕೂ ಹೊಂದಿಕೆಯಾಗದಿದ್ದರೆ ಅಲ್ಲಿಂದಲೇ ಚರ್ಚೆ ಹುಟ್ಟುತ್ತದೆ: ಬಾಟಲಿ ಮರದ ಕೆಳಗಿತ್ತೇ, ಗಾಳಿಗೆ ವಾಲಿತ್ತೇ, ಅಥವಾ ಮಳೆಯೇ ಒಂದು ಓಣಿಗೆ ಬಂದು ಇನ್ನೊಂದಕ್ಕೆ ಬಾರದೆ ಹೋಯಿತೇ?

ಈ ಸೀಮೆಯ ಮಕ್ಕಳಿಗೆ ಬೇರೆಲ್ಲಿಯೂ ಸಿಗದ ಇನ್ನೊಂದು ಪಾಠಶಾಲೆ ಹಂಪಿ. ಪ್ರವಾಸಕ್ಕೆ ಬಂದವರು ಕಲ್ಲಿನ ರಥ ನೋಡಿ ಹೋಗುತ್ತಾರೆ. ಕಮಲಾಪುರ, ಕಡ್ಡಿರಾಂಪುರ, ಅನಂತಶಯನಗುಡಿಯ ಮಕ್ಕಳು ನೋಡಬೇಕಾದದ್ದು ಆ ಊರಿಗೆ ನೀರು ಬಂದ ದಾರಿಯನ್ನು. ಹೊಳೆಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಟ್ಟಿದ ತಗ್ಗಿನ ಅಣೆಗಳು, ಅಲ್ಲಿಂದ ಹೊರಟ ಕಾಲುವೆಗಳು. ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳ ನಡುವೆ ಹರಿಯುತ್ತದೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳೂ ಹರಿಯುತ್ತಿವೆ. ಬಸವಣ್ಣ ಕಾಲುವೆಗೆ ನೀರು ತಿರುಗಿಸುತ್ತಿದ್ದ ವಲ್ಲಭಾಪುರದ ಅಣೆ ಕೃಷ್ಣದೇವರಾಯನ ಕಾಲದ್ದು, 1521ರದು. ಈಗ ಅದು ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದೆ, ಕಾಲುವೆಗೆ ಡ್ಯಾಮಿನಿಂದಲೇ ನೀರು ಬಿಡುತ್ತಾರೆ. ಐನೂರು ವರ್ಷಗಳಿಂದ ಒಂದೇ ಕೆಲಸ ಮಾಡುತ್ತಿರುವ ಕಾಲುವೆಯ ದಂಡೆಯ ಮೇಲೆ ನಿಂತು ಅದು ಇಷ್ಟು ಕಾಲ ಹೇಗೆ ಉಳಿಯಿತು ಎಂದು ಕೇಳುವುದೇ ದೊಡ್ಡ ಪಾಠ. ಪ್ರತಿ ವರ್ಷ ಹೂಳೆತ್ತಿದವರು, ದಂಡೆ ಕಟ್ಟಿದವರು, ನೀರಿನ ಸರದಿ ಕಾಯ್ದವರು ಇದ್ದುದರಿಂದ ಉಳಿಯಿತು ಎಂಬ ಉತ್ತರಕ್ಕೆ ಮಕ್ಕಳು ತಾವೇ ಬರುತ್ತಾರೆ.

ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ 1980ರ ದಶಕದಲ್ಲಿ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಬೆಳಕಿಗೆ ಬಂತು. ಅದರ ಕಲ್ಲುಗಳ ಮೇಲೆ ಕುಶಲಕರ್ಮಿಗಳು ಕೆತ್ತಿದ ಗುರುತುಗಳಿವೆ; ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂದು ತಿಳಿಸುವ ಗುರುತುಗಳು. ಪಕ್ಕದಲ್ಲೇ ಕಂಬಗಳ ಮೇಲೆ ಹಾಯ್ದು ಬರುವ ಕಲ್ಲಿನ ನೀರುದೋಣಿ. ಆ ದೋಣಿಗೆ ಎಷ್ಟು ಇಳಿಜಾರು ಕೊಟ್ಟಿದ್ದಾರೆ ಎಂದು ನೋಡಲು ನೀರು ತುಂಬಿದ ಪಾರದರ್ಶಕ ನಳಿಕೆಯೊಂದು ಸಾಕು. ಗಾರೆಯವರು ಗೋಡೆಯ ಮಟ್ಟ ನೋಡಲು ದಿನವೂ ಬಳಸುವ ಸಾಧನವದು. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ವಿಜ್ಞಾನದ ಪಾಠ, ಪಂಪು ಕರೆಂಟು ಇಲ್ಲದೆ ರಾಜಧಾನಿಯೊಂದಕ್ಕೆ ನೀರುಣಿಸಿದವರ ಜಾಣ್ಮೆಯ ಪಾಠ, ಎರಡೂ ಅಲ್ಲಿಯೇ ಸಿಗುತ್ತವೆ.

ವಿಜಯನಗರದವರು ಕೆರೆಯ ಬಗ್ಗೆ ಬರೆದಿಟ್ಟದ್ದೂ ಇದೆ. ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಗೆ 1369ರ ಒಂದು ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ನೀರಿನ ಶಾಸ್ತ್ರ ಬಲ್ಲವರು ಬೇಕು, ಗಟ್ಟಿ ನೆಲ ಬೇಕು, ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ ಬೇಕು, ಎರಡು ಗುಡ್ಡಗಳ ನಡುವೆ ಕಲ್ಲಿನ ಬಿಗಿಯಾದ ಏರಿ ಬೇಕು, ಹತ್ತಿರದಲ್ಲೇ ಕಲ್ಲುಗಣಿ ಬೇಕು, ಕೆಲಸ ಬಲ್ಲ ಆಳುಗಳು ಬೇಕು. ದೋಷಗಳ ಪಟ್ಟಿಯಲ್ಲಿ ಏರಿಯಿಂದ ನೀರು ಒಸರುವುದು, ಸವುಳು ನೆಲ, ಕೆರೆಯ ಮಧ್ಯದಲ್ಲಿ ದಿಬ್ಬ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ನೀರು ಕಡಿಮೆ ಇದ್ದು ಜಮೀನು ಹೆಚ್ಚಿರುವುದು, ನೀರು ಹೆಚ್ಚಿದ್ದು ಜಮೀನು ಕಡಿಮೆ ಇರುವುದು.

ಸಂಜೆಯ ಗುಂಪಿನ ಮಕ್ಕಳ ಕೈಗೆ ಈ ಪಟ್ಟಿ ಕೊಟ್ಟು ಕಮಲಾಪುರದ ಕೆರೆಯ ಏರಿಯ ಮೇಲೆ ನಡೆಸಿದರೆ ಸಾಕು. ತೂಬು ಎಲ್ಲಿ, ಕೋಡಿ ಎಲ್ಲಿ, ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಅಂಗ ಇದೆ, ಯಾವುದು ಕೆಟ್ಟಿದೆ ಎಂದು ಗುರುತು ಹಾಕುತ್ತ ಹೋಗುತ್ತಾರೆ. ಇದೇ ಪಟ್ಟಿಯನ್ನು ತುಂಗಭದ್ರೆಗೆ ಹಿಡಿದರೆ ಇನ್ನೂ ಆಳದ ಪ್ರಶ್ನೆಗಳು ಏಳುತ್ತವೆ. ರಾಜ್ಯಗಳ ಗಡಿಯ ದೋಷವನ್ನು ಆ ಶಾಸನ ಆರೂವರೆ ಶತಮಾನಗಳ ಹಿಂದೆಯೇ ಹೇಳಿತ್ತು; ಇಂದು ಇದೇ ಜಲಾಶಯದ ನೀರನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಹಂಚಿಕೊಳ್ಳುತ್ತವೆ. ಅದನ್ನು ನೋಡಿಕೊಳ್ಳಲು 1953ರಿಂದ ತುಂಗಭದ್ರಾ ಮಂಡಳಿ ಇದೆ. ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ಕಾಯುವುದನ್ನು ಕಂಡ ಮಗು ‘ನೀರು ಕಡಿಮೆ, ಜಮೀನು ಹೆಚ್ಚು’ ಎಂಬ ದೋಷವನ್ನು ಯಾರ ವಿವರಣೆಯೂ ಇಲ್ಲದೆ ಅರ್ಥಮಾಡಿಕೊಳ್ಳುತ್ತದೆ.

ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಲ್ಲಿಗೆ ಬಂದಾಗ ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಕೆಲಸಕ್ಕಿದ್ದರೆಂದು ಪಾಯೆಸ್ ಬರೆದಿದ್ದಾನೆ. ಏರಿ ಎರಡು ಮೂರು ಸಲ ಒಡೆದದ್ದನ್ನೂ ಬರೆದಿದ್ದಾನೆ. ಹೊಸಪೇಟೆಯ ದಕ್ಷಿಣದ ರಾಯರ ಕೆರೆಯೇ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇಂದು ಆ ಕೆರೆಯ ಅಂಗಳದಲ್ಲಿ ಹೊಲಗಳಿವೆ. ರಾಯರ ಕಾಲದ ಕಾಲುವೆ ಉಳಿಯಿತು, ರಾಯರ ಕೆರೆ ಉಳಿಯಲಿಲ್ಲ. ಏಕೆ? ಇದನ್ನು ಹೈಸ್ಕೂಲಿನ ಮಕ್ಕಳಿಗೆ ಒಂದು ವರ್ಷದ ಪ್ರಾಜೆಕ್ಟಾಗಿ ಕೊಡಬಹುದು, ಉತ್ತರವನ್ನು ಅವರೇ ಹುಡುಕಲಿ.

ಇತಿಹಾಸ ಬೇಡವೆಂದರೆ ಹತ್ತಿರದ ಘಟನೆಯೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಹೊತ್ತು. ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದು ಹತ್ತಾರು ಟಿಎಂಸಿ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆ ವಾರ ಹೊಸಪೇಟೆ, ಕಂಪ್ಲಿ, ಗಂಗಾವತಿಯ ಮನೆಮನೆಗಳಲ್ಲಿ ಎರಡನೆಯ ಬೆಳೆಯ ಚಿಂತೆ. ಮಕ್ಕಳು ಇದನ್ನೆಲ್ಲ ಕಣ್ಣಾರೆ ಕಂಡಿದ್ದಾರೆ. ಚೈನು ಎಂದರೇನು, ಗೇಟು ಹೇಗೆ ಏರುತ್ತದೆ, ಎಪ್ಪತ್ತು ವರ್ಷದ ಕಬ್ಬಿಣಕ್ಕೆ ಏನಾಗುತ್ತದೆ, ನೋಡಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ನೀರುಳಿತಾಯವೆಂದರೆ ಮನೆಯ ನಳ ಮುಚ್ಚುವುದು ಎಂದಷ್ಟೇ ಕಲಿತ ಮಗುವಿಗೆ ಆ ವಾರದ ನೀರನ್ನು ಲೆಕ್ಕಕ್ಕೆ ತಂದುಕೊಳ್ಳುವುದು ಹೇಗೆಂದು ತಿಳಿಯುವುದಿಲ್ಲ.

ಸಂಡೂರಿನ ಪಾಠ ಬೇರೆಯದು, ಅಲ್ಲಿ ನೀರಿನ ಬಣ್ಣವೇ ಪಠ್ಯ. ಸುತ್ತ ಗುಡ್ಡ, ನಡುವೆ ಕಣಿವೆ. ಕಣಿವೆಯ ನೀರನ್ನೆಲ್ಲ ಹೊತ್ತು ನಾರಿಹಳ್ಳ ಓಬಳಗಂಡಿಯನ್ನು ದಾಟಿ ದರೋಜಿ ಕೆರೆಯ ಕಡೆಗೆ ಇಳಿಯುತ್ತದೆ. ದಾರಿಯಲ್ಲಿ ತಾರಾನಗರದ ಹತ್ತಿರ ಅದಕ್ಕೆ ಜಲಾಶಯ ಕಟ್ಟಿದ್ದಾರೆ. ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನು ಅಗೆದ ವರ್ಷಗಳಲ್ಲಿ ಮಳೆ ಬಂದಾಗಲೆಲ್ಲ ಸಡಿಲ ಕೆಮ್ಮಣ್ಣು ಹಳ್ಳಗಳಿಗೆ ಇಳಿಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಆರಂಭಿಸಲು ಹಾಕಿದ ಷರತ್ತುಗಳಲ್ಲಿ ಪ್ರತಿ ಗಣಿಯೂ ನೆಲವನ್ನು ಸರಿಪಡಿಸುವ ಯೋಜನೆ ಜಾರಿಗೆ ತರಬೇಕೆಂಬುದೂ ಇತ್ತು: ಮಣ್ಣು ಜಾರದಂತೆ ತಡೆಗೋಡೆ, ಹಳ್ಳಗಳಿಗೆ ಚೆಕ್ ಡ್ಯಾಮು, ಕೊರಕಲುಗಳಿಗೆ ಕಲ್ಲಿನ ತಡೆ, ಗಿಡ ನೆಡುವುದು.

ಇದನ್ನು ಮಕ್ಕಳಿಗೆ ತಿಳಿಸಲು ಎರಡು ತಟ್ಟೆ ಸಾಕು. ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೇರುಬಿಟ್ಟ ಮಣ್ಣು. ಎರಡನ್ನೂ ಒಂದೇ ಇಳಿಜಾರಿನಲ್ಲಿಟ್ಟು ಒಂದೊಂದು ಚೊಂಬು ನೀರು ಹೊಯ್ದು, ಕೆಳಗೆ ಬಂದ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿದು ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ತಳದಲ್ಲಿ ಕುಳಿತ ಕೆಸರನ್ನು ಸ್ಕೇಲಿನಿಂದ ಅಳೆಯಬೇಕು. ಮೊದಲ ಮಳೆಯ ದಿನ ಹಳ್ಳದ ನೀರು ಒಂದು ಬಾಟಲಿ, ತಿಂಗಳ ನಂತರ ಇನ್ನೊಂದು ಬಾಟಲಿ ತಂದು ಹೀಗೆಯೇ ಅಳೆದರೆ ಊರಿನದೇ ದಾಖಲೆ ಹುಟ್ಟುತ್ತದೆ. ಮೂರು ನಾಲ್ಕು ಮಳೆಗಾಲ ಇದನ್ನು ಬಿಡದೆ ಬರೆದಿಟ್ಟ ಪುಸ್ತಕಕ್ಕೆ ಅಧಿಕಾರಿಗಳೂ ಬೆಲೆ ಕೊಡಬೇಕಾಗುತ್ತದೆ. ಮೊದಲಿನಲ್ಲಿ ಹೇಳಿದ 27 ಟಿಎಂಸಿ ಹೂಳಿನ ಮೂಲ ತಿಳಿಯುವುದೂ ಇಲ್ಲಿಯೇ, ಏಕೆಂದರೆ ಮೇಲ್ದಂಡೆಯ ಸಾವಿರಾರು ಹೊಲ ಗುಡ್ಡಗಳಲ್ಲಿ ನಡೆಯುವುದು ಈ ತಟ್ಟೆಯಲ್ಲಿ ನಡೆದದ್ದೇ.

ಕಂಪ್ಲಿಗೆ ಬಂದರೆ ಭತ್ತ, ಕಬ್ಬು, ಬಾಳೆ. ಮುಖ ತೊಳೆಯುವಾಗ ನಳ ನಿಲ್ಲಿಸು ಎಂದು ಇಲ್ಲಿನ ರೈತನ ಮಗನಿಗೆ ಹೇಳುವುದು ಸರಿಯೇ, ಆದರೆ ಅವನ ಮನೆಯ ನೀರಿನಲ್ಲಿ ದೊಡ್ಡ ಪಾಲು ಹೋಗುವುದು ಗದ್ದೆಗೆ. ಒಂದು ಕಿಲೋ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕೆಂದು ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆ ಹೇಳುತ್ತದೆ. ಇದೇ ಸಂಸ್ಥೆ ರೂಢಿಗೆ ತಂದ ಸರಳ ಸಾಧನವೊಂದನ್ನು ಮಕ್ಕಳೂ ಮಾಡಬಹುದು. ಒಂದು ಅಡಿ ಉದ್ದದ ಪಿವಿಸಿ ಪೈಪಿಗೆ ಸುತ್ತ ರಂಧ್ರ ಕೊರೆದು, ಅರ್ಧಕ್ಕಿಂತ ಹೆಚ್ಚು ಭಾಗ ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆಯಬೇಕು. ಗದ್ದೆಯ ಮೇಲೆ ನೀರು ಒಣಗಿದಂತೆ ಕಂಡರೂ ಪೈಪಿನೊಳಗೆ ನೀರಿನ ಮಟ್ಟ ಕಾಣುತ್ತದೆ. ಅದು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟಿದರೆ ಸಾಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಈ ಕ್ರಮದಿಂದ ನೂರಕ್ಕೆ ಮೂವತ್ತರವರೆಗೆ ನೀರು ಉಳಿಯಬಹುದೆಂಬುದು ಸಂಸ್ಥೆಯ ಲೆಕ್ಕ.

ಇಲ್ಲೊಂದು ಮಾತು ಮಕ್ಕಳ ಮುಂದೆ ಮುಚ್ಚಿಡಬಾರದು. ಕಾಲುವೆಯ ನೀರು ರೈತ ಬೇಕೆಂದಾಗ ಬರುವುದಿಲ್ಲ, ಬಂದಾಗ ಕಟ್ಟಿಕೊಳ್ಳಬೇಕು. ಮುಂದಿನ ಸರದಿ ಯಾವಾಗ ಎಂದು ಖಾತರಿ ಇಲ್ಲದ ಕೊನೆ ಭಾಗದ ರೈತ ಗದ್ದೆ ಒಣಗಲು ಬಿಟ್ಟು ಕಾಯಲಾರ. ಉಳಿತಾಯ ಅವನೊಬ್ಬನ ಮನಸ್ಸಿನ ಮೇಲೆ ನಿಂತಿಲ್ಲ, ಮೇಲಿನ ತೂಬಿನವರ ಮೇಲೂ ನಿಂತಿದೆ. ಅಪ್ಪನನ್ನು ತಪ್ಪಿತಸ್ಥನನ್ನಾಗಿ ನೋಡಲು ಮಗುವಿಗೆ ಕಲಿಸುವ ಪಾಠ ಕೆಟ್ಟ ಪಾಠ. ಅಪ್ಪನ ಜೊತೆ ಗದ್ದೆಯ ಬದುವಿನ ಮೇಲೆ ಕೂತು ಪೈಪಿನೊಳಗೆ ಇಣುಕುವ ಪಾಠ ಒಳ್ಳೆಯದು. ಪಕ್ಕದ ಅನಂತಪುರ, ಕರ್ನೂಲು ಸೇರಿದಂತೆ ಆಗಿನ ಆಂಧ್ರದ ಏಳು ಜಿಲ್ಲೆಗಳಲ್ಲಿ ರೈತರೇ ಮಳೆ ಅಳೆದು, ಬಾವಿಯ ಮಟ್ಟ ಬರೆದಿಟ್ಟು, ಊರಿನವರೆಲ್ಲ ಕೂತು ಬೆಳೆಯ ನೀರಿನ ಬಜೆಟ್ ಮಾಡಿದ ದೊಡ್ಡ ಪ್ರಯೋಗ ನಡೆದಿದೆ. ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಪ್ರತಿ ವರ್ಷ ಮಳೆ ನೋಡಿಕೊಂಡು ಗ್ರಾಮಸಭೆಯಲ್ಲಿ ಬೆಳೆ ನಿರ್ಧಾರವಾಗುತ್ತದೆ. ದೊಡ್ಡವರು ಅಂಕಿ ಇಟ್ಟುಕೊಂಡು ಮಾತಾಡಿದ ಕಡೆ ಜಗಳ ಕಡಿಮೆಯಾಗಿದೆ, ಮಕ್ಕಳು ಬರೆದ ಅಂಕಿಯೂ ಅಂಥ ಸಭೆಗೆ ಬರಬಲ್ಲದು.

ಹೊಸಪೇಟೆಯ ಹತ್ತಿರದ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, ಅದರೊಳಗಿನ ಜಾಲಿಮರಗಳ ತುಂಬ ಗೂಡು ಕಟ್ಟುವ ಹಕ್ಕಿಗಳಿಂದಾಗಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನೀರು ಮನುಷ್ಯರಿಗಷ್ಟೇ ಅಲ್ಲವೆಂದು ಹೇಳಿಕೊಡಲು ಪುಸ್ತಕದ ಚಿತ್ರ ಹುಡುಕುವ ಅಗತ್ಯ ಈ ಭಾಗದ ಮೇಷ್ಟ್ರಿಗಿಲ್ಲ.

ಆದರೆ ಹೊಳೆಗೂ ಕಾಲುವೆಗೂ ಮಕ್ಕಳನ್ನು ಕರೆದೊಯ್ಯುವವರು ಎಚ್ಚರ ತಪ್ಪುವಂತಿಲ್ಲ. ಇಳಿಜಾರು ಕಾಂಕ್ರೀಟಿನ ದೊಡ್ಡ ಕಾಲುವೆಗೆ ಜಾರಿದವರು, ಈಜು ಬಲ್ಲವರಾದರೂ, ಮೇಲೆ ಬರುವುದು ಕಷ್ಟ. ಹೊಳೆಯಲ್ಲಿ ಮೊಸಳೆಗಳಿವೆ. ದೊಡ್ಡವರಿಬ್ಬರು ಜೊತೆಯಲ್ಲಿಲ್ಲದೆ, ಪೋಷಕರ ಒಪ್ಪಿಗೆ ಇಲ್ಲದೆ ಹೊರಡಬಾರದು; ಕತ್ತಲಾದ ಮೇಲಂತೂ ಹೊರಡಲೇಬಾರದು. ಅಳತೆಯ ಕೆಲಸ ತೂಬಿನ ಕೆಳಗಿನ ಸಣ್ಣ ಕಾಲುವೆಯಲ್ಲೇ ಆಗುತ್ತದೆ. ಹತ್ತು ಮೀಟರ್ ದೂರಕ್ಕೆ ಗುರುತಿಟ್ಟು, ತೇಲುವ ಎಲೆ ಅಷ್ಟು ದೂರ ಸಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ, ದೂರವನ್ನು ಆ ಸೆಕೆಂಡುಗಳಿಂದ ಭಾಗಿಸಿ ಬಂದ ವೇಗವನ್ನು ಕಾಲುವೆಯ ಅಗಲ ಆಳದಿಂದ ಗುಣಿಸಿದರೆ ಹರಿವು ಸುಮಾರಾಗಿ ಗೊತ್ತಾಗುತ್ತದೆ. ಪತ್ರಿಕೆಯಲ್ಲಿ ಬರುವ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಎಂಬ ಮಾತು ಅಂದು ಅವರದಾಗುತ್ತದೆ.

ಇನ್ನೊಂದು ವಿಷಯವನ್ನು ಕಾರ್ಯಕ್ರಮ ರೂಪಿಸುವವರು ಮರೆಯುವುದುಂಟು. ಊರಿನ ನೀರಿನ ಬಗ್ಗೆ ಹೆಚ್ಚು ತಿಳಿದಿರುವುದು ಹುಡುಗಿಯರಿಗೆ. ನಳ ಯಾವ ಹೊತ್ತಿಗೆ ಬರುತ್ತದೆ, ಯಾವ ಓಣಿಗೆ ರಭಸ ಕಡಿಮೆ, ಯಾವ ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಸಂಜೆ ನಳ ಬರುವ ಊರಿನಲ್ಲಿ ಅದೇ ಹೊತ್ತಿಗೆ ನೀರಿನ ಪಾಠ ಇಟ್ಟರೆ ಕೊಡ ಹಿಡಿದು ಸರದಿಯಲ್ಲಿ ನಿಂತ ಹುಡುಗಿಯರು ಬರುವುದೇ ಇಲ್ಲ. ಬಂದು ಕೂರುವ ಹುಡುಗರಿಗೆ ಅವರಷ್ಟು ಗೊತ್ತಿರುವುದಿಲ್ಲ. ಪಾಠದ ವೇಳೆಯನ್ನು ನೀರುಗಂಟಿಯನ್ನು ಕೇಳಿ ನಿಗದಿ ಮಾಡಬೇಕು. ನೀರುಗಂಟಿಯನ್ನೇ ಒಂದು ದಿನ ಕರೆಸಿ ವಾಲ್ವು ತಿರುಗಿಸುವ ಕ್ರಮ, ಪೈಪು ಒಡೆಯುವ ಜಾಗಗಳನ್ನು ಹೇಳಿಸಿದರೆ ಇನ್ನೂ ಒಳ್ಳೆಯದು.

ಬೋರಿನ ನೀರಿನ ಗುಣವೂ ಅಳೆಯುವ ವಿಷಯವೇ. ಈ ಭಾಗದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ಮೀರಿದ ಕಡೆ ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಪಟ್ಟೆ ಮೂಡುತ್ತದೆ. ನೀರಿನ ಗುಣ ನೋಡುವ ಸಣ್ಣ ಕಿಟ್‌ಗಳನ್ನು ಜಲಜೀವನ ಮಿಷನ್ ಅಡಿ ಪಂಚಾಯಿತಿಗಳಿಗೆ ಕೊಡಲಾಗಿದೆ. ದ್ರಾವಣ ಹಾಕಿ ಬಣ್ಣ ಹೋಲಿಸಿ ನೋಡುವ ಆ ಕೆಲಸವನ್ನು, ತಿಳಿದವರು ಪಕ್ಕದಲ್ಲಿದ್ದರೆ, ಒಂಬತ್ತನೆಯ ತರಗತಿಯ ಮಕ್ಕಳು ಚೆನ್ನಾಗಿ ಮಾಡುತ್ತಾರೆ. ಶುದ್ಧ ನೀರಿನ ಘಟಕಕ್ಕೆ ಹೋದರೆ ಅಲ್ಲಿಯೂ ಒಂದು ಪ್ರಶ್ನೆ ಕಾದಿದೆ: ಇಪ್ಪತ್ತು ಲೀಟರಿನ ಕ್ಯಾನು ತುಂಬುವಷ್ಟರಲ್ಲಿ ಹಿಂದಿನ ಪೈಪಿನಿಂದ ಚರಂಡಿಗೆ ಹೋದ ನೀರು ಎಷ್ಟು? ಬಕೆಟ್ಟು ಹಿಡಿದರೆ ಉತ್ತರ ಸಿಗುತ್ತದೆ.

ಹೀಗೆ ವರ್ಷದುದ್ದಕ್ಕೂ ಬರೆದ ಪುಸ್ತಕ ಕಪಾಟು ಸೇರದಿರಲು ಒಂದು ವೇದಿಕೆ ಈಗಾಗಲೇ ಇದೆ. ನವೆಂಬರಿನ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಇಲಾಖೆಯ ಆದೇಶವಿದೆ. ಅಧ್ಯಕ್ಷರು, ಪಿಡಿಒ, ಶಾಲೆಯವರು, ಇಲಾಖೆಯವರು ಬಂದು ಕೂರುತ್ತಾರೆ. ಅಲ್ಲಿ ಮಕ್ಕಳು ಶೌಚಾಲಯಕ್ಕೆ ನೀರಿಲ್ಲ, ಕುಡಿಯಲು ನೀರಿಲ್ಲ ಎಂದು ಕೇಳುವುದು ಸಾಮಾನ್ಯ. ಉತ್ತರವೂ ಸಾಮಾನ್ಯ: ನೋಡೋಣ, ಮಾಡಿಸೋಣ. ಅದೇ ಮಕ್ಕಳು ಶಾಲೆಯ ಚಾವಣಿ 60 ಚದರ ಮೀಟರ್ ಇದೆ, ಈ ವರ್ಷ ನಮ್ಮ ಬಾಟಲಿಯಲ್ಲಿ ಇಷ್ಟು ಮಿಲಿಮೀಟರ್ ಮಳೆ ದಾಖಲಾಗಿದೆ, ತೊಟ್ಟಿಗೆ ಬರಬೇಕಾದದ್ದು ಇಷ್ಟು ಸಾವಿರ ಲೀಟರ್, ಬಂದದ್ದು ಸೊನ್ನೆ, ಪೈಪು ಕಳಚಿರುವುದು ಎರಡು ಕಡೆ, ಅದನ್ನು ಜೋಡಿಸಲು ಅಂಗಡಿಯವರು ಹೇಳಿದ ದರ ಇಷ್ಟು ಎಂದು ಓದಿ ಹೇಳಿದರೆ ಪಿಡಿಒ ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಲೇಬೇಕಾಗುತ್ತದೆ. ಮರುವರ್ಷದ ಸಭೆಯಲ್ಲಿ ಮೊದಲ ಪ್ರಶ್ನೆಯಾಗಿ ಆ ಪೈಪನ್ನೇ ಮತ್ತೆ ಕೇಳಬಹುದು. ಅಷ್ಟರಲ್ಲಿ ಏಳನೆಯ ತರಗತಿಯವರು ಎಂಟಕ್ಕೆ ಹೋಗಿರುತ್ತಾರೆ, ಬಾಟಲಿಯ ಮಳೆ ಓದುವ ಕೆಲಸವನ್ನು ಆರನೆಯವರಿಗೆ ಒಪ್ಪಿಸಿರುತ್ತಾರೆ.